ಪ್ರತಿಕ್ರಿಯೆ: ರೂಟ್ ಚೆಕ್‌ನಲ್ಲಿ ಬರುವ ಎಚ್ಚರಿಕೆಗಳ ರಾಶಿ

ಎಕ್ಡಿಸ್‌ನಲ್ಲಿ (ಹಡಗಿನ ಎಲೆಕ್ಟ್ರಾನಿಕ್ ನಕ್ಷೆ ವ್ಯವಸ್ಥೆ) ಯೋಜಿಸಿದ ದಾರಿಯ ಅಪಾಯಗಳನ್ನು ಹುಡುಕುವ ರೂಟ್ ಚೆಕ್ ಒತ್ತಿದರೆ ನೂರಾರು ಎಚ್ಚರಿಕೆ ಬರುತ್ತವೆ, ಹಡಗಿನವರು ಓದದೆ ಮುಂದೆ ಹೋಗುತ್ತಾರೆ, ನಮ್ಮ ಸಾಫ್ಟ್‌ವೇರ್‌ನಲ್ಲಿ ಏನು ಬದಲಿಸೋದು ಅಂತ ಕೇಳಿದ್ದೀರಿ. ಸುಮ್ನೆ ಮಿತಿಗಳನ್ನು ಸಡಿಲಿಸಬೇಡಿ.

ಮೊದಲು ಸೇಫ್ಟಿ ಕಾಂಟೂರ್ ನೋಡಿ, ಅಂದರೆ ಹಡಗಿಗೆ ಸುರಕ್ಷಿತ ನೀರನ್ನೂ ಅಪಾಯದ ನೀರನ್ನೂ ಬೇರ್ಪಡಿಸುವ ಆಳದ ಗೆರೆ. ನೀವು 12 ಮೀಟರ್ ಕೊಟ್ಟಿದ್ದೀರಿ ಅಂದುಕೊಳ್ಳಿ. ನಕ್ಷೆಯಲ್ಲಿ ಆ ಆಳದ ಗೆರೆ ಇಲ್ಲದಿದ್ದರೆ ಎಕ್ಡಿಸ್ ಅದಕ್ಕಿಂತ ಆಳದ ಮುಂದಿನ ಗೆರೆಯನ್ನು ಹಿಡಿಯುತ್ತದೆ. ಅದು 20 ಮೀಟರಿನದಾದರೆ, 15 ಮೀಟರ್ ನೀರಿರುವ ಜಾಗವೂ ಅಪಾಯದ ಲೆಕ್ಕಕ್ಕೆ ಸೇರುತ್ತದೆ. ಅರ್ಧ ಗದ್ದಲ ಇಲ್ಲಿಂದಲೇ ಬರಬಹುದು. "ನೀವು ಕೇಳಿದ್ದು 12, ಬಳಸುತ್ತಿರುವುದು 20" ಅಂತ ಪರದೆಯ ಮೇಲೆ ಎದ್ದು ಕಾಣುವಂತೆ ತೋರಿಸಿ. ಎಸ್-102 (ಸಮುದ್ರತಳದ ಆಳವನ್ನು ಒತ್ತೊತ್ತಾಗಿ ಕೊಡುವ ಹೊಸ ಮಾದರಿಯ ನಕ್ಷೆ ಡೇಟಾ) ಸಿಗುವ ಕಡೆ ಬೇಕಾದ ಆಳಕ್ಕೇ ಗೆರೆ ಎಳೆಯಬಹುದು.

ಆಮೇಲೆ ಎಚ್ಚರಿಕೆಗಳನ್ನು ಗುಂಪು ಮಾಡಿ. ಹಡಗಿನ ದಾರಿಯ ಮೇಲೇ ಇರುವ ನೀರೊಳಗಿನ ದಿಬ್ಬವೂ, ಪಕ್ಕದ ಅಂಚಿನಲ್ಲಿ ತಗುಲುವ ಬೋಯಾವೂ (ನೀರಲ್ಲಿ ತೇಲುವ ಗುರುತು) ಒಂದೇ ಪಟ್ಟಿಯಲ್ಲಿ ಒಂದೇ ಬಣ್ಣದಲ್ಲಿ ಇರಬಾರದು, ಅಲ್ವಾ? 2013ರಲ್ಲಿ ಓವಿಟ್ ಎಂಬ ಟ್ಯಾಂಕರ್ ಇಂಗ್ಲೆಂಡ್-ಫ್ರಾನ್ಸ್ ನಡುವಿನ ಡೋವರ್ ಜಲಸಂಧಿಯ ವಾರ್ನ್ ದಿಬ್ಬಕ್ಕೆ ಹತ್ತಿ ನಿಂತಿತು. ಯೋಜನೆಯಲ್ಲಿ ಎಳೆದ ಗೆರೆಯೇ ದಿಬ್ಬದ ಮೇಲೆ ಹಾದಿತ್ತು. ಎಕ್ಡಿಸ್‌ನ ಅಲಾರಂ ಸದ್ದೂ ಬರುತ್ತಿರಲಿಲ್ಲ. ಇಂಥದ್ದು ಪಟ್ಟಿಯ ತುದಿಯಲ್ಲೇ ಬರಬೇಕು, ಕಾರಣ ಬರೆಯದೆ ದಾಟಲು ಬಿಡಬಾರದು.

ಬಣ್ಣ, ಐಕಾನ್‌ಗಳ ಚೆಂದ ಆಮೇಲೆ ನೋಡಿಕೊಳ್ಳಬಹುದು. ಉಬ್ಬರವಿಳಿತದ ಲೆಕ್ಕ ಸೇರಿಸುವ ಯೋಚನೆ ಇದ್ದರೆ, ಹಡಗು ಪ್ರತಿ ಜಾಗವನ್ನು ತಲುಪುವ ಹೊತ್ತಿಗೆ ತಕ್ಕಂತೆ ಆ ಲೆಕ್ಕ ಮಾಡಿ. ತಡವಾಗಿ ಹೊರಟರೆ ಚೆಕ್ ತಾನಾಗಿ ಮತ್ತೆ ಓಡಬೇಕು.