ನಾವು ಕಳಿಸದ ಮೇಲ್‌ಗಳಿಂದ ಸರ್ವರ್‌ನ ಕ್ಯೂ (ಹೊರಡಲು ಕಾದಿರುವ ಮೇಲ್‌ಗಳ ಸಾಲು) ತುಂಬುತ್ತಿದೆ. ಸ್ಪ್ಯಾಮ್ ಅಳಿಸಿದರೆ ಮುಗಿಯಿತಲ್ಲವೇ? ಇಲ್ಲವೇ ಹೊಸ ಐಪಿ ವಿಳಾಸ (ಅಂತರ್ಜಾಲದಲ್ಲಿ ಸರ್ವರ್ ಅನ್ನು ಗುರುತಿಸುವ ಸಂಖ್ಯೆ) ಕೊಳ್ಳಬೇಕೇ?

ಕೊಳ್ಳಬೇಡಿ. ಕ್ಯೂ ತುಂಬ ಅಪರಿಚಿತ ಮೇಲ್ ವಿಳಾಸಗಳಿರುವುದು, ಗ್ರಾಹಕರ ಸರ್ವರ್‌ಗಳು ನಿಮ್ಮ ಮೇಲ್ ನಿರಾಕರಿಸುವುದು, ಐಪಿ ಬ್ಲಾಕ್‌ಲಿಸ್ಟ್ (ಸ್ಪ್ಯಾಮ್ ಕಳಿಸುವ ವಿಳಾಸಗಳ ಕಪ್ಪುಪಟ್ಟಿ) ಸೇರಿರುವುದು, ಇವೆಲ್ಲವನ್ನೂ ಪೀಣ್ಯದ ಯಂತ್ರಭಾಗಗಳ ಕಾರ್ಖಾನೆಯೊಂದರ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದಾಗ ನಾನು ಅನುಭವಿಸಿದ್ದೇನೆ. ನಮ್ಮ ಮಾಲೀಕರು ಸೂಚಿಸಿದ್ದೂ ಹೊಸ ಐಪಿ ಕೊಳ್ಳುವ ಇದೇ ಉಪಾಯವನ್ನೇ.

ಬೇಸಿಗೆಯಲ್ಲಿ ಪೀಣ್ಯದಲ್ಲಿ ಕರೆಂಟ್ ಪದೇ ಪದೇ ಹೋಗುತ್ತಿತ್ತು, ಜನರೇಟರ್ ಇದ್ದದ್ದು ಯಂತ್ರಗಳಿಗೆ ಮಾತ್ರ. ಮುಖ್ಯ ಸರ್ವರ್ ನಿಂತಾಗಲೂ ಮೇಲ್ ಕಳೆದುಹೋಗಬಾರದೆಂದು ಹೊರಗಿನ ಡೇಟಾ ಸೆಂಟರ್‌ನಲ್ಲಿ ಎರಡನೆಯ ಸರ್ವರ್ ಇಟ್ಟು, ಅದನ್ನು ಬದಲಿ ಎಂಎಕ್ಸ್ ಆಗಿ, ಅಂದರೆ ನಮ್ಮ ಮೇಲ್ ಸ್ವೀಕರಿಸುವ ಎರಡನೆಯ ಸರ್ವರ್ ಆಗಿ, ಅಂತರ್ಜಾಲದ ವಿಳಾಸಪುಸ್ತಕವಾದ ಡಿಎನ್‌ಎಸ್‌ನಲ್ಲಿ ದಾಖಲಿಸಿದ್ದೆ. ಆದರೆ ನಮ್ಮ ಡೊಮೈನ್‌ನಲ್ಲಿ (ಮೇಲ್ ವಿಳಾಸದಲ್ಲಿ @ ನಂತರ ಬರುವ ಹೆಸರು) ಯಾವ ಯಾವ ಮೇಲ್ ವಿಳಾಸಗಳಿವೆ ಎಂಬ ಪಟ್ಟಿಯನ್ನು ಅದಕ್ಕೆ ಕೊಟ್ಟಿರಲಿಲ್ಲ. ನಮ್ಮನ್ನು ಕೆಡಿಸಿದ್ದು ಈ ಒಂದು ಲೋಪ. ನಿಮ್ಮಲ್ಲೂ ಇದೇ ಇರುವ ಸಂಭವ ಹೆಚ್ಚಾದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ.

ಬದಲಿ ಸರ್ವರ್‌ಗಳಿಗೆ ಕಾವಲು ಕಡಿಮೆ ಎಂಬುದು ಸ್ಪ್ಯಾಮರ್‌ಗಳಿಗೆ ಗೊತ್ತು. ಆದ್ದರಿಂದ ಮುಖ್ಯ ಸರ್ವರ್ ಚಾಲೂ ಇದ್ದರೂ ಅವರ ತಂತ್ರಾಂಶ ನೇರವಾಗಿ ಬದಲಿ ಎಂಎಕ್ಸ್ ಅನ್ನೇ ಹಿಡಿದು, ಊಹೆಯಿಂದ ಕಟ್ಟಿದ ಹೆಸರುಗಳಿಗೆಲ್ಲ ಮೇಲ್ ಸುರಿಯುತ್ತದೆ. ಪಟ್ಟಿಯಿಲ್ಲದ ನಮ್ಮ ಸರ್ವರ್ ಎಲ್ಲದಕ್ಕೂ 250 ಎಂದು, ಅಂದರೆ ಸರಿ ಎಂದು, ಒಪ್ಪಿಕೊಂಡು ಮುಖ್ಯ ಸರ್ವರ್‌ಗೆ ದಾಟಿಸಲು ಹೋಗುತ್ತಿತ್ತು; ಅದು 550 ಎಂದು, ಅಂದರೆ ಅಂಥವರು ಇಲ್ಲಿ ಯಾರೂ ಇಲ್ಲವೆಂದು ತಿರಸ್ಕರಿಸುತ್ತಿತ್ತು. ಒಮ್ಮೆ ಒಪ್ಪಿಕೊಂಡ ಮೇಲ್ ಅನ್ನು ತಲುಪಿಸಬೇಕು, ತಲುಪಿಸಲಾಗದಿದ್ದರೆ ಕಳಿಸಿದವರಿಗೆ ತಿಳಿಸಬೇಕು ಎಂಬುದು ಸರ್ವರ್‌ಗಳು ಮೇಲ್ ಸಾಗಿಸುವ ಪದ್ಧತಿಯಾದ ಎಸ್‌ಎಂಟಿಪಿಯ ನಿಯಮ. ಕಳಿಸಿದವರ ವಿಳಾಸ ನಿಜವೇ ಎಂದು ಪರೀಕ್ಷಿಸುವ ಏರ್ಪಾಡು 1982ರ ಮೂಲ ನಿಯಮಾವಳಿಯಲ್ಲಿ ಇರಲೇ ಇಲ್ಲ. ಹೀಗಾಗಿ ಸ್ಪ್ಯಾಮರ್ ಕದ್ದು ಬಳಸಿದ ಯಾರದೋ ವಿಳಾಸಕ್ಕೆ ನಮ್ಮ ಸರ್ವರ್ ತನ್ನದೇ ಐಪಿಯಿಂದ ಬೌನ್ಸ್, ಅಂದರೆ ತಲುಪಿಸಲಾಗಲಿಲ್ಲ ಎಂಬ ಸೂಚನೆ, ಕಳಿಸುತ್ತಿತ್ತು, ಜೊತೆಗೆ ಆ ಕಸದ ಪ್ರತಿಯನ್ನೂ ಸೇರಿಸುತ್ತಿತ್ತು. ಆ ವಿಳಾಸಗಳಲ್ಲಿ ಕೆಲವು ಬ್ಲಾಕ್‌ಲಿಸ್ಟ್ ನಡೆಸುವವರು ಸ್ಪ್ಯಾಮ್ ಹಿಡಿಯಲೆಂದೇ ಒಡ್ಡಿದ ಬಲೆಗಳು. ಸ್ಪ್ಯಾಮರ್ ತನ್ನ ಕೈಯಿಂದ ಏನನ್ನೂ ಮುರಿಯಲಿಲ್ಲ; ನಿಯಮ ಪಾಲಿಸಿದ ಯಂತ್ರವನ್ನೇ ಊರವರ ಮೇಲೆ ಛೂ ಬಿಟ್ಟ.

ಸ್ಪ್ಯಾಮ್ ಅಳಿಸಿದರೆ ಮುಗಿಯಿತು ಎಂದು ನೀವು ಬರೆದದ್ದನ್ನು ನಾನು ಒಪ್ಪಲಾರೆ. ಅಸ್ತಿತ್ವದಲ್ಲೇ ಇಲ್ಲದ ಡೊಮೈನ್‌ಗೆ ಹೊರಟ ಬೌನ್ಸ್ ಬೇಗ ಸಾಯುತ್ತದೆ. ಉತ್ತರ ಕೊಡದ ಸರ್ವರ್‌ಗೆ ಹೊರಟದ್ದು ಸಾಯುವುದಿಲ್ಲ. ನಾವು ಬಳಸುತ್ತಿದ್ದ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶ ಅಂಥದ್ದನ್ನು 5 ದಿನ ಕ್ಯೂನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಯತ್ನಿಸುತ್ತದೆ. ಪ್ರತಿ ಯತ್ನಕ್ಕೂ ಡಿಎನ್‌ಎಸ್ ವಿಚಾರಣೆ, ಹೊಸ ಸಂಪರ್ಕ, ಡಿಸ್ಕ್ ಬರಹ ಬೇಕು. ಹೊಸೂರಿನ ಗ್ರಾಹಕರಿಗೆ ಹೋಗಬೇಕಾದ ಕೊಟೇಶನ್ ಇವೆಲ್ಲದರ ಹಿಂದೆ ಕಾಯುತ್ತಿತ್ತು. ಒಂದು ಕಾಲದಲ್ಲಿ ಸ್ಪ್ಯಾಮ್ ಬಹುಪಾಲು ಹೊರಡುತ್ತಿದ್ದದ್ದು ಸೋಂಕು ತಗುಲಿದ ಮನೆ-ಕಚೇರಿಗಳ ಕಂಪ್ಯೂಟರ್‌ಗಳಿಂದ. 2008ರ ನವೆಂಬರ್‌ನಲ್ಲಿ ಅವುಗಳಿಗೆ ಆಜ್ಞೆ ಕೊಡುವ ಸರ್ವರ್‌ಗಳನ್ನು ಇಟ್ಟುಕೊಂಡಿದ್ದ ಅಮೆರಿಕದ ಮೆಕೋಲೊ ಎಂಬ ಹೋಸ್ಟಿಂಗ್ ಕಂಪನಿಯ ಸಂಪರ್ಕ ಕಡಿದೊಡನೆ ಜಗತ್ತಿನ ಸ್ಪ್ಯಾಮ್ ಅರ್ಧಕ್ಕಿಂತಲೂ ಕೆಳಗಿಳಿದಿತ್ತು, ಆಮೇಲೆ ಮತ್ತೆ ಏರಿತು. ಇಂಥ ಕಂಪ್ಯೂಟರ್‌ಗಳ ಭಯದಿಂದಲೇ ಎಷ್ಟೋ ಇಂಟರ್ನೆಟ್ ಕಂಪನಿಗಳು ಮನೆಯ ಸಂಪರ್ಕಗಳಲ್ಲಿ ಸರ್ವರ್‌ಗಳ ನಡುವೆ ಮೇಲ್ ಸಾಗುವ 25ನೇ ಪೋರ್ಟ್ (ಸಂಪರ್ಕದ ದ್ವಾರ) ಮುಚ್ಚಿವೆ; ಸ್ವಂತ ಮೇಲ್ ಸರ್ವರ್ ನಡೆಸಬಯಸುವ ಪ್ರಾಮಾಣಿಕರಿಗೂ ಇದರಿಂದ ಬಾಗಿಲು ಹಾಕಿದಂತಾಗಿದೆ.

ಹೊಸ ಐಪಿ ಕೊಳ್ಳುವುದು ಇದಕ್ಕಿಂತ ಕೆಟ್ಟ ಯೋಚನೆ. ಐಪಿವಿ4 ಎಂಬ ಮಾದರಿಯ ಐಪಿ ವಿಳಾಸಗಳು ಒಟ್ಟು ಸುಮಾರು 429 ಕೋಟಿ ಮಾತ್ರ, ಅವುಗಳ ಅಭಾವ ಎಲ್ಲರಿಗೂ ತಿಳಿದದ್ದೇ. ನೀವು ಬಿಟ್ಟುಹೋದ ಕಳಂಕಿತ ವಿಳಾಸ ನಾಳೆ ಇನ್ನೊಬ್ಬರ ಪಾಲಿಗೆ ಬರುತ್ತದೆ, ನಿಮ್ಮ ಪಾಲಿಗೆ ಬರುವುದೂ ಯಾರೋ ಹಾಗೆ ಬಿಟ್ಟುಹೋದದ್ದೇ ಇರಬಹುದು. ವಿಳಾಸಗಳನ್ನು ಬಾಡಿಗೆಗೆ ಹಿಡಿದು, ಕೆಡಿಸಿ, ಕೈಬಿಡುವುದು ಸ್ಪ್ಯಾಮರ್‌ಗಳ ವೃತ್ತಿ. ಅವರನ್ನು ಬೆನ್ನಟ್ಟುವ ಬ್ಲಾಕ್‌ಲಿಸ್ಟ್‌ಗಳು ಕೆಲವೊಮ್ಮೆ 256 ವಿಳಾಸಗಳ ಇಡೀ ಗುಂಪನ್ನೇ ಸೇರಿಸುವುದರಿಂದ ಅಕ್ಕಪಕ್ಕದವರೂ ದಂಡ ತೆರುತ್ತಾರೆ.

ನನ್ನ ಅಭಿಪ್ರಾಯದಲ್ಲಿ ಸಣ್ಣ ಕಚೇರಿಗೆ ಬದಲಿ ಎಂಎಕ್ಸ್ ಬೇಡವೇ ಬೇಡ, ತೆಗೆದುಹಾಕಿ. ನಿಮ್ಮ ಸರ್ವರ್ ನಿಂತಿದ್ದರೆ ಕಳಿಸುವ ಸರ್ವರ್‌ಗಳೇ ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಯತ್ನಿಸುತ್ತವೆ. ಪೀಣ್ಯದಲ್ಲಿ ಕೂಡ ಕರೆಂಟ್ ಅಷ್ಟು ದಿನ ಹೋದದ್ದಿಲ್ಲ. ಇಟ್ಟುಕೊಳ್ಳಲೇಬೇಕೆಂದಿದ್ದರೆ ವಿಳಾಸಗಳ ಪಟ್ಟಿಯನ್ನು ಅದಕ್ಕೂ ಕೊಟ್ಟು, ಇಲ್ಲದ ವಿಳಾಸವನ್ನು ಮೇಲ್ ಒಪ್ಪಿಕೊಳ್ಳುವ ಮೊದಲೇ ಬಾಗಿಲಲ್ಲಿ ತಿರಸ್ಕರಿಸುವಂತೆ ಮಾಡಿ. ನಿಮ್ಮ ಡೊಮೈನ್ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಸರ್ವರ್‌ಗಳಿಗೆ ಅನುಮತಿಯಿದೆ ಎಂದು ಸಾರುವ ಎಸ್‌ಪಿಎಫ್ ದಾಖಲೆ ಹಾಕಿ ಎಂದು ಇತರರು ಹೇಳಬಹುದು; ಹಾಕಿ, ಆದರೆ ಈ ರೋಗಕ್ಕೆ ಅದು ಮದ್ದಲ್ಲ. ಬಳಿಕ ಕ್ಯೂನಲ್ಲಿ ಉಳಿದ ಬೌನ್ಸ್‌ಗಳನ್ನೆಲ್ಲ ಅಳಿಸಿ, ಲಾಗ್‌ನಲ್ಲಿ ಹೊಸದು ಹುಟ್ಟುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಬ್ಲಾಕ್‌ಲಿಸ್ಟ್‌ನಿಂದ ತೆಗೆಯಲು ಅರ್ಜಿ ಹಾಕಿ. ಮೊದಲೇ ಹಾಕಿದರೆ ತೆಗೆದ ಮರುದಿನವೇ ಮತ್ತೆ ಸೇರಿಸುತ್ತಾರೆ, ಎರಡನೆಯ ಅರ್ಜಿಯನ್ನು ಅಷ್ಟು ಸುಲಭವಾಗಿ ನಂಬುವುದಿಲ್ಲ.