ಹೋಪಿ ಹೊಲದ ಆಳ, ಸ್ಪೇನಿನವರ ಸೋಲು

‘ವರ್ಷಕ್ಕೆ ಸುಮಾರು 10 ಇಂಚು ಮಳೆಯಲ್ಲಿ ಹೋಪಿ ಜನ ಮೆಕ್ಕೆಜೋಳ ಬೆಳೆದದ್ದು ಹೇಗೆ? ಸ್ಪೇನಿನವರು ಬಂದ ಮೇಲೆ ಆ ಬೇಸಾಯ ಉಳಿಯಿತೇ?’ ಎಂದು ಒಣಬೇಸಾಯದ ಓದುಗರೊಬ್ಬರು ಕೇಳಿದ್ದಾರೆ.

ಅಮೆರಿಕದ ಅರಿಜೋನಾ ರಾಜ್ಯದ ಈಶಾನ್ಯ ಭಾಗದಲ್ಲಿ, ಬ್ಲ್ಯಾಕ್ ಮೆಸಾ ಎಂಬ ಚಪ್ಪಟೆ ಬೆಟ್ಟದ ದಕ್ಷಿಣ ಅಂಚಿನಲ್ಲಿ, ಅಲ್ಲಿನ ಮೂಲನಿವಾಸಿಗಳಾದ ಹೋಪಿಗಳ ಊರುಗಳಿವೆ. ಅಲ್ಲಿ ಮಳೆ ಹಿಡಿಯುವುದು ಜುಲೈನಲ್ಲಿ, ಮುಖ್ಯ ಬಿತ್ತನೆ ಮೇ ತಿಂಗಳಲ್ಲಿ. ಹಾಗಾಗಿ ಮೊಳಕೆಗೆ ಆಧಾರ ಚಳಿಗಾಲದ ಹಿಮ ಕರಗಿ ಮರಳಿನಡಿ ನಿಂತ ತೇವ ಮಾತ್ರ. ಮೊನಚು ಕೋಲಿನಿಂದ ಆ ಹಸಿ ಸಿಗುವತನಕ, 6ರಿಂದ 12 ಇಂಚು, ಗುಣಿ ತೋಡಿ ಒಂದೊಂದಕ್ಕೂ ಸುಮಾರು 10–12 ಕಾಳು ಹಾಕುತ್ತಾರೆ. ಹುಳು, ಇಲಿ, ಕಾಗೆಗಳ ಪಾಲು ಹೋಗಿ ಉಳಿದ ಸಸಿಗಳು ಗುಂಪಾಗಿ ನಿಂತು ಮರಳುಗಾಳಿಗೆ ಒಂದಕ್ಕೊಂದು ಆಸರೆಯಾಗುತ್ತವೆ. ಗುಣಿಗಳ ನಡುವೆ ಹಲವು ಅಡಿ ಬಿಡಲೇಬೇಕು, ಒತ್ತಾಗಿ ಹಾಕಿದರೆ ಇರುವ ತೇವ ಯಾರಿಗೂ ಸಾಲದು.

ನಮ್ಮಲ್ಲಿ ಅಂಗಡಿಗಳಲ್ಲಿ ಸಿಗುವ ಮೆಕ್ಕೆಜೋಳದ ಬೀಜ ತಂದು ಹೀಗೆ ಬಿತ್ತಬೇಡಿ. ಅಷ್ಟು ಆಳದಿಂದ ಮೇಲೇರಲಾಗದೆ ಮೊಳಕೆ ಮಣ್ಣಲ್ಲೇ ಸಾಯುತ್ತದೆ. ಹೋಪಿ ತಳಿಯಲ್ಲಿ ಕಾಳಿನಿಂದ ಮೊದಲ ಗೆಣ್ಣಿನವರೆಗಿನ ಎಳೆಕಾಂಡ ಹತ್ತಿರ ಹತ್ತಿರ ಒಂದಡಿ ಚಾಚಬಲ್ಲದು, ಒಂದೇ ಗಟ್ಟಿ ಬೇರು ಕೆಳಗಿನ ಹಸಿಗೆ ನೇರ ಇಳಿಯುತ್ತದೆ. ತಲೆತಲಾಂತರ ಬೀಜ ಆರಿಸಿಟ್ಟವರ ದುಡಿಮೆ ಇದು. ಇದನ್ನು ಬಿಟ್ಟು ಹೋಪಿ ಚರಿತ್ರೆ ಹೇಳುವುದು ಅರ್ಧ ಚರಿತ್ರೆ.

ಇನ್ನು ಸ್ಪೇನಿನವರು. 1540ರಲ್ಲಿ ಸ್ಪೇನಿನ ದಂಡಯಾತ್ರೆಯ ನಾಯಕ ಕೊರೊನಾಡೊ ಕಳಿಸಿದ ಪೆದ್ರೊ ದೆ ತೊವಾರ್ ಬಂದಾಗ ಹೋಪಿಗಳು ನೆಲದ ಮೇಲೆ ಗೆರೆ ಎಳೆದು, ದಾಟಬೇಡಿ ಎಂದರು. ಕುದುರೆ ಸವಾರರು ದಾಟಿದರು, ಕಾದಾಟವಾಯಿತು, ಆಮೇಲೆ ಸಂಧಿ. ಅಲ್ಲಿ ಕೇಳಿದ ದೊಡ್ಡ ನದಿಯ ಸುದ್ದಿ ಹಿಡಿದೇ ಕಾರ್ದೆನಾಸ್ ಎಂಬಾತ, ಹೋಪಿಗಳೇ ದಾರಿ ತೋರಿಸಿದ ಮೇಲೆ, ಗ್ರ್ಯಾಂಡ್ ಕ್ಯಾನಿಯನ್ ಕಂಡದ್ದು. 1629ರಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳು ಅವಾತೋವಿ ಎಂಬ ಹೋಪಿ ಊರಲ್ಲಿ ಇಗರ್ಜಿ ಹೂಡಿದರು. 1680ರಲ್ಲಿ ಆ ಸೀಮೆಯ ಮೂಲನಿವಾಸಿಗಳು ಸ್ಪೇನಿನವರ ವಿರುದ್ಧ ಎದ್ದ ಪುಯೆಬ್ಲೊ ದಂಗೆಯಲ್ಲಿ ಹೋಪಿಗಳು ಪಾದ್ರಿಗಳನ್ನು ಕೊಂದರು. ಸೇಡಿನ ಭಯದಿಂದ ವಾಲ್ಪಿಯಂಥ ಊರುಗಳು ಬೆಟ್ಟದ ನೆತ್ತಿಗೇರಿದವು. ಹೊಲ ಮಾತ್ರ ಕೆಳಗೇ ಉಳಿಯಿತು.

1700ರ ಸುಮಾರಿಗೆ ಅವಾತೋವಿಯವರು ಪಾದ್ರಿಗಳನ್ನು ಮತ್ತೆ ಕರೆಸಿಕೊಂಡಾಗ ಉಳಿದ ಹೋಪಿಗಳೇ ಆ ಊರನ್ನು ಸುಟ್ಟರು, ಗಂಡಸರನ್ನು ಕೊಂದರು, ಬದುಕುಳಿದ ಹೆಂಗಸರು ಮಕ್ಕಳನ್ನು ಹಂಚಿಕೊಂಡರು. ಇದನ್ನು ಶೌರ್ಯವೆಂದು ಹಾಡುವವರ ಜೊತೆ ನಾವಿಲ್ಲ. ಸ್ವಂತ ಜನರ ಮೇಲೆ ನಡೆದ ಕೊಲೆ ಅದು. ಆಮೇಲೆ ಸ್ಪೇನಿನವರಿಗೆ ಅಲ್ಲಿ ಇಗರ್ಜಿ ನಿಲ್ಲಿಸಲಾಗಲೇ ಇಲ್ಲ. ಅವರ ಆಡಳಿತದ ಊರಾದ ಸಾಂತಾ ಫೆಯಿಂದ ಇದ್ದ ದೂರ ಒಂದು ಕಾರಣ. ಹೋಪಿಗಳು ಮನೆಯೊಳಗೆ ಒಟ್ಟಿಟ್ಟ ಒಂದು ವರ್ಷಕ್ಕೂ ಮೀರಿದ ಕಾಳು ಅಷ್ಟೇ ದೊಡ್ಡ ಕಾರಣ ಎಂಬುದು ನಮ್ಮ ತಿಳಿವು. ಸ್ಪೇನಿನವರು ತಂದ ಕುರಿ, ಪೀಚ್ ಗಿಡಗಳನ್ನು ಹೋಪಿಗಳು ಬಿಡಲಿಲ್ಲ: ಉಣ್ಣೆ ನೇಯ್ದರು, ಹಣ್ಣು ಒಣಗಿಸಿಟ್ಟರು.