ಜೋರು ಸಪ್ಪಳ ಜೋರಾಗಿ ಓಡುತ್ತದೆಯೇ?

ನಿಮ್ಮ ಪ್ರಶ್ನೆ ಇಷ್ಟು: "ಶಬ್ದ ಜೋರಾದಷ್ಟೂ ಅದರ ವೇಗ ಹೆಚ್ಚು" ಎಂಬ ವಾಕ್ಯಕ್ಕೆ ಮಗಳು ಪರೀಕ್ಷೆಯಲ್ಲಿ ಸರಿ ಎಂದು ಗುರುತು ಹಾಕಿದಳು. ಟೀಚರ್ ತಪ್ಪು ಎಂದರು. ನಿಮಗೂ ಮಗಳು ಬರೆದದ್ದೇ ಸರಿ ಅನ್ನಿಸುತ್ತಿದೆ. ಯಾವುದು ನಿಜ?

ಟೀಚರ್ ಹೇಳಿದ್ದೇ ನಿಜ. ಆದರೆ ಮಗಳನ್ನು ಬೈಯಬೇಡಿ. ನಾನು ಹುಬ್ಬಳ್ಳಿ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರತಿ ವರ್ಷ ಇದೇ ಪ್ರಶ್ನೆ ಕೇಳುತ್ತೇನೆ. ಪ್ರತಿ ವರ್ಷ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಇದೇ ಉತ್ತರ ಕೊಡುತ್ತಾರೆ, ಜಾಣ ಮಕ್ಕಳು ಕೂಡ.

ಇದರಲ್ಲಿ ನಮ್ಮ ಮಾತಿನ ಪಾಲೂ ಇದೆ ಅಂತ ನನಗೆ ಅನ್ನಿಸುತ್ತದೆ. "ಜೋರಾಗಿ ಓದು, ಹಿಂದಿನವರಿಗೆ ಕೇಳಲಿ" ಅನ್ನುತ್ತೇವೆ. "ಗಾಡಿ ಜೋರಾಗಿ ಓಡಿಸಬೇಡ" ಅಂತಲೂ ಅನ್ನುತ್ತೇವೆ. ಮೊದಲನೆಯ ಜೋರು ಕಿವಿಗೆ ಸಂಬಂಧಪಟ್ಟದ್ದು, ಎರಡನೆಯದು ವೇಗಕ್ಕೆ. ಮಗು ಎರಡನ್ನೂ ಒಂದೇ ಪದದಲ್ಲಿ ಕಲಿತಿರುತ್ತದೆ. ಅಂದ ಮೇಲೆ ಜೋರು ಸಪ್ಪಳ ಜೋರಾಗಿ ಓಡಬೇಕು ಅಲ್ವಾ? ಅದರ ಲೆಕ್ಕ ಅದಕ್ಕೆ ಸರಿಯಾಗಿಯೇ ಇದೆ. ಅದಕ್ಕೇ ನಾನು ಕ್ಲಾಸಿನಲ್ಲಿ "ಜೋರು" ಬಿಟ್ಟು "ದೊಡ್ಡ ಸಪ್ಪಳ", "ಬೇಗ ಮುಟ್ಟುವುದು" ಎಂದು ಬೇರೆ ಬೇರೆ ಮಾಡಿ ಹೇಳುತ್ತೇನೆ.

ಬೋರ್ಡಿನ ಮೇಲೆ ಬರೆದರೆ ಮಕ್ಕಳು ನಂಬುವುದಿಲ್ಲ. ಹೊರಗೆ ಕರೆದುಕೊಂಡು ಹೋಗಬೇಕು. ನಮ್ಮ ಶಾಲೆಯ ಹಿಂದೆ ಹೊಲಕ್ಕೆ ಹೋಗುವ ನೇರ ದಾರಿ ಇದೆ. 50 ಮೀಟರಿನ ಟೇಪನ್ನು ಏಳು ಸಲ ಎಳೆದರೆ 350 ಮೀಟರ್. ನಮ್ಮ ಕಡೆಯ ಬಿಸಿಲಿಗೆ ಸಪ್ಪಳ ಅಷ್ಟು ದೂರ ಬರಲು ಸುಮಾರು ಒಂದು ಸೆಕೆಂಡು ಬೇಕು. ಹೋಳಿಯಲ್ಲಿ ಹಲಗಿ ಬಾರಿಸಿ ಕೈ ಪಳಗಿದ ಹುಡುಗನನ್ನು ಆ ತುದಿಯಲ್ಲಿ ನಿಲ್ಲಿಸುತ್ತೇವೆ. ಕೋಲಿಗೆ ಕೆಂಪು ಬಟ್ಟೆ ಕಟ್ಟಿರುತ್ತೇವೆ, ದೂರಕ್ಕೆ ಕಾಣಲಿ ಅಂತ. ಒಂದು ಪೆಟ್ಟು ದೊಡ್ಡದು, ಒಂದು ಸಣ್ಣದು, ಎರಡು ಸೆಕೆಂಡಿಗೊಮ್ಮೆ. ಕೋಲು ಹಲಗಿಗೆ ತಾಗಿದ್ದು ಕಣ್ಣಿಗೆ ಮೊದಲು ಕಾಣುತ್ತದೆ, ಆಮೇಲೆ ಸಪ್ಪಳ ಬರುತ್ತದೆ. ಆ ತಡ ಎರಡಕ್ಕೂ ಒಂದೇ. "ಸರ್, ಮೆತ್ತಗ ಬಡದಿದ್ದೂ ಅಷ್ಟ ಹೊತ್ತಿಗೆ ಬಂತ್ರೀ" ಎಂದು ಒಬ್ಬಳು ಕೂಗಿದ್ದು ನನಗಿನ್ನೂ ನೆನಪಿದೆ. ದೊಡ್ಡ ಪೆಟ್ಟು ಬೇಗ ಓಡುವಂತಿದ್ದರೆ ಅದು ಮೊದಲೇ ಬಂದು ತಾಳ ಕುಂಟಬೇಕಿತ್ತು.

ಧಾರವಾಡದಲ್ಲಿ ಬಯಲಿನಲ್ಲಿ ನಡೆಯುವ ಸಂಗೀತ ಕಛೇರಿಗೆ ಹೋದವರಿಗೆ ಇದು ಇನ್ನೂ ಸುಲಭ. ತಬಲಾದ ಪೆಟ್ಟು ದೊಡ್ಡದು, ತಂಬೂರಿ ಮೆಲ್ಲನೆಯದು, ಹಾಡುವವರ ದನಿ ಏರುತ್ತದೆ, ಇಳಿಯುತ್ತದೆ. ಎಲ್ಲವೂ ಬೇರೆ ಬೇರೆ ವೇಗದಲ್ಲಿ ಬಂದರೆ ಕೊನೆಯ ಸಾಲಿನವರಿಗೆ ಸಮ್ (ತಾಳದ ಮೊದಲ ಪೆಟ್ಟು) ಎಲ್ಲಿ ಬಿತ್ತು ಅಂತಲೇ ತಿಳಿಯುತ್ತಿರಲಿಲ್ಲ.

ಯಾಕೆ ಹೀಗೆ? ಪಂಚಮಿಯ ಜೋಕಾಲಿ ನೆನಪಿಸಿಕೊಳ್ಳಿ. ಮೆಲ್ಲಗೆ ಜೀಕಿದರೂ ದೊಡ್ಡದಾಗಿ ಜೀಕಿದರೂ ಒಂದು ಸಲ ಹೋಗಿ ಬರಲು ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದೇ. ದೂರ ಹೋದದ್ದು ವಾಪಸ್ ಬರುವಾಗ ಅಷ್ಟೇ ಬಿರುಸಾಗಿ ಬರುತ್ತದೆ. ಗಾಳಿಯ ಕಣಗಳೂ ಹಾಗೇ. ದೊಡ್ಡ ಸಪ್ಪಳಕ್ಕೆ ಅವು ಜಾಸ್ತಿ ಅಲುಗಾಡುತ್ತವೆ, ಆದರೆ ಪಕ್ಕದ ಕಣಕ್ಕೆ ದಾಟಿಸುವ ವೇಗ ಬದಲಾಗುವುದಿಲ್ಲ. ಕಲ್ಲುಗಣಿಯ ಸ್ಫೋಟದಂಥದ್ದರ ತೀರಾ ಹತ್ತಿರ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಏಳುವ ಅಲೆ ಶಬ್ದಕ್ಕಿಂತ ವೇಗವಾಗಿ ಹೋಗುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕೇ ಅಂಟಿಕೊಂಡಿದೆ. ಹುಬ್ಬಳ್ಳಿಯ ಹೋಳಿ ಮೆರವಣಿಗೆ ದೂರದಲ್ಲಿರುವಾಗ ಜಗ್ಗಲಿಗೆ ಎಂಬ ದೊಡ್ಡ ಚರ್ಮವಾದ್ಯದ ಧಂ ಧಂ ಮಾತ್ರ ಕೇಳುತ್ತದೆ, ಹತ್ತಿರ ಬಂದಂತೆ ಹಲಗಿ, ಝಾಂಜ್ ಸೇರಿಕೊಳ್ಳುತ್ತವೆ. ಹಾಗಾಗಿ ದಪ್ಪ ಸಪ್ಪಳ ಬೇಗ ಮುಟ್ಟುತ್ತದೆ ಅಂದುಕೊಳ್ಳುತ್ತಾರೆ. ಎಲ್ಲವೂ ಒಟ್ಟಿಗೇ ಹೊರಡುತ್ತವೆ, ಒಂದೇ ವೇಗದಲ್ಲಿ ಬರುತ್ತವೆ. ಝಾಂಜಿನಂಥ ಕೀರಲು ದನಿಯನ್ನು ಗಾಳಿ ದಾರಿಯಲ್ಲೇ ಜಾಸ್ತಿ ಹೀರಿಕೊಳ್ಳುತ್ತದೆ, ಮನೆಯ ಗೋಡೆಗಳೂ ತಡೆಯುತ್ತವೆ. ದಪ್ಪ ದನಿ ಉಳಿದುಕೊಂಡು ನಮ್ಮ ತನಕ ಬರುತ್ತದೆ.

ಹಾಗಾದರೆ ಶಬ್ದದ ವೇಗ ಯಾವುದರಿಂದ ಬದಲಾಗುತ್ತದೆ? ಗಾಳಿಯಲ್ಲಾದರೆ ಮುಖ್ಯವಾಗಿ ಬಿಸಿಯಿಂದ. 0 ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್, 20 ಡಿಗ್ರಿಯಲ್ಲಿ 343. ಒಂದು ಡಿಗ್ರಿ ಏರಿದರೆ ಸುಮಾರು 0.6 ಮೀಟರ್ ಜಾಸ್ತಿ. ಈಗ ರಾತ್ರಿಯ ರೈಲಿನ ಹಾರ್ನ್ ತೆಗೆದುಕೊಳ್ಳಿ. ಹಗಲು ಕೇಳದ ಹಾರ್ನ್ ರಾತ್ರಿ ನಮ್ಮ ಹಳ್ಳಿಗೂ ಚೆನ್ನಾಗಿ ಕೇಳುತ್ತದೆ. ರಾತ್ರಿ ಸಪ್ಪಳ ಬೇಗ ಓಡುತ್ತದೆ ಅಂತ ನಮ್ಮೂರಿನ ಹಿರಿಯರು ಹೇಳುತ್ತಾರೆ. ನೆಲದ ಹತ್ತಿರದ ಗಾಳಿ ತಣ್ಣಗಾದ ಕಾರಣ ಅಲ್ಲಿ ಅದು ನಿಧಾನವೇ ಆಗಿರುತ್ತದೆ. ಮೇಲಿನ ಗಾಳಿ ಇನ್ನೂ ಬೆಚ್ಚಗಿರುತ್ತದೆ, ಅಲ್ಲಿ ಶಬ್ದ ಸ್ವಲ್ಪ ಮುಂದೆ ಹೋಗುತ್ತದೆ. ಆಗ ಅಲೆ ಕೆಳಕ್ಕೆ ಬಾಗಿ, ಮೇಲೆ ಹೋಗಿ ಕಳೆದುಹೋಗಬೇಕಾದ ಸಪ್ಪಳ ನಮ್ಮ ಕಿವಿಗೆ ಬಂದು ಬೀಳುತ್ತದೆ. ಊರು ಮಲಗಿ ಬೇರೆ ಗದ್ದಲ ಇಲ್ಲದಿರುವುದೂ ಒಂದು ಕಾರಣ. ಹಿರಿಯರು ಕೇಳಿಸಿಕೊಂಡದ್ದು ಸುಳ್ಳಲ್ಲ, ಅವರು ಕೊಟ್ಟ ಕಾರಣ ಮಾತ್ರ ಬೇರೆ.

ಶಬ್ದ ನಿಜವಾಗಿ ಬೇಗ ಓಡುವುದು ಗಟ್ಟಿ ವಸ್ತುವಿನಲ್ಲಿ. ಹುಬ್ಬಳ್ಳಿ ಸ್ಟೇಷನ್ನಿನ ಉದ್ದನೆಯ ಪ್ಲಾಟ್‌ಫಾರ್ಮ್ 1507 ಮೀಟರ್ ಇದೆ. ಅದರ ಈ ತುದಿಯ ಸಪ್ಪಳ ಗಾಳಿಯಲ್ಲಿ ಆ ತುದಿ ಮುಟ್ಟಲು ನಾಲ್ಕು ಸೆಕೆಂಡಿಗಿಂತ ಜಾಸ್ತಿ ಬೇಕು. ಅಷ್ಟೇ ಉದ್ದದ ಉಕ್ಕಿನ ಹಳಿಯಲ್ಲಾದರೆ ಸೆಕೆಂಡಿನ ಮೂರನೇ ಒಂದು ಭಾಗ ಸಾಕು. (ಹಳಿಗೆ ಕಿವಿ ಇಟ್ಟು ನೋಡುವ ಕೆಲಸ ಮಾತ್ರ ಯಾರೂ ಮಾಡಬೇಡಿ, ಮಕ್ಕಳಿಗೂ ಹೇಳಿ.) ಇದು ಭಾರದ ಮಾತೂ ಅಲ್ಲ. ಸೀಸ ಉಕ್ಕಿಗಿಂತ ಭಾರ, ಆದರೂ ಅದರಲ್ಲಿ ಶಬ್ದದ ವೇಗ ಉಕ್ಕಿನ ಅರ್ಧವೂ ಇಲ್ಲ. ವಸ್ತು ಎಷ್ಟು ಬಿಗಿಯಾಗಿದೆ ಎನ್ನುವುದೂ ಮುಖ್ಯ.

ಭಾನುವಾರ ಮಗಳನ್ನು ಕರೆದುಕೊಂಡು ಹಲಗಿಯ ಪ್ರಯೋಗ ಮಾಡಿ ನೋಡಿ. ಹಲಗಿ ಇಲ್ಲದಿದ್ದರೆ ಖಾಲಿ ಎಣ್ಣೆ ಡಬ್ಬ ಆಗುತ್ತದೆ. ಗಾಳಿ ಬೀಸದ ಬೆಳಗಿನ ಹೊತ್ತು ಒಳ್ಳೆಯದು. ಸೆಕೆಂಡಿಗೊಂದು ಪೆಟ್ಟು ಮಾತ್ರ ಬೇಡ. ಮೊದಲ ವರ್ಷ ನಾನು ಹಾಗೇ ಮಾಡಿಸಿದ್ದೆ. ಹಿಂದಿನ ಪೆಟ್ಟಿನ ಸಪ್ಪಳ ಸರಿಯಾಗಿ ಮುಂದಿನ ಪೆಟ್ಟಿಗೆ ಬಂದು ಕೂಡಿತು. ತಡವೇ ಇಲ್ಲ ಅಂದರು ಮಕ್ಕಳು. ಕೊನೆಗೆ ಹುಡುಗ ಬಾರಿಸುವುದನ್ನು ನಿಲ್ಲಿಸಿ ಕೋಲು ಕೆಳಗಿಟ್ಟ. ಆಮೇಲೆ ಇನ್ನೂ ಒಂದು ಪೆಟ್ಟು ಕೇಳಿಸಿತು.